ಪೂರಿ ಉಬ್ಬುವ ಬಗೆ

ಇಂದು ನಾನು ಎತ್ತಿಕೊಂಡಿರುವ ವಸ್ತು ಬಹಳ ಹಗುರವಾದದ್ದು. ತಕ್ಕಡಿಯಲ್ಲಿಟ್ಟರೆ ಹತ್ತು ಗ್ರಾಮೂ ತೂಗದು. ಹೆಬ್ಬೆರಳಿನಿಂದ ತುಸು ಒತ್ತಿದರೆ ಒಡೆಯುತ್ತದೆ. ಬಾಯಿಗಿಟ್ಟರೆ ಒಂದೇ ಒಂದು ಸದ್ದು ಮಾಡಿ ಇಲ್ಲವಾಗುತ್ತದೆ. ಪಾನಿಪೂರಿಯ ಪೂರಿಯ ಮಾತು ನಾನು ಹೇಳುತ್ತಿರುವುದು. ಕಾವ್ಯ, ವಿಮರ್ಶೆ ಎಂದು ಏನನ್ನೋ ನಿರೀಕ್ಷಿಸಿ ಬಾನುಲಿಯ ಮುಂದೆ ಕುಳಿತವರ ಎದುರಿಗೆ ಈ ಮನುಷ್ಯ ಬಾಣಲೆ ತಂದಿಡುತ್ತಿದ್ದಾನಲ್ಲ ಎಂದು ತಾವು ಹುಬ್ಬೇರಿಸಬಹುದು. ಆದರೆ ನನ್ನ ಬೆನ್ನಿಗೆ ದೊಡ್ಡವರಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನೀತಿ, ಆನೆ, ಕುದುರೆಗಳ ಜೊತೆಗೆ ಅನ್ನಭೋಗಕ್ಕೂ ಸ್ಥಾನವಿದೆ. ಎಣ್ಣೆಯಲ್ಲಿ ಕರಿದ 'ಪೂರಿಕೆ'ಯ ಹೆಸರೂ ಅಲ್ಲಿ ಬರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ನಮ್ಮ ಮಂಗರಸನು ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದನು. ಅದರ ಮೊದಲ ಅಧ್ಯಾಯವೇ ಹಿಟ್ಟಿನ ತಿಂಡಿಗಳದು. ದೊರೆಗೂ ಕವಿಗೂ ಹಗುರವಾಗದ ವಿಷಯ, ನಿವೃತ್ತ ಮೇಷ್ಟರಿಗೆ ಹಗುರವಾದೀತೆ?

ನಾನು ಬಹುಕಾಲ ಬಾಳಿದ್ದು ಕೋಲಾರದ ಚಿನ್ನದ ಗಣಿ ಪ್ರದೇಶದ ಕೋರಮಂಡಲ್‌ನಲ್ಲಿ. ಸಮುದ್ರಕ್ಕೆ ಸುಮಾರು ಇನ್ನೂರು ಕಿಲೋಮೀಟರ್ ದೂರವಿರುವ ಬಂಡೆಗಳ ನಾಡಿನಲ್ಲಿ ಕರಾವಳಿಯ ಹೆಸರು ಹೊತ್ತುಕೊಂಡ ಊರು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುದಾರಿಯಲ್ಲಿ ಅದೇ ಹೆಸರಿನ ಪುಟ್ಟ ನಿಲ್ದಾಣವೂ ಇದೆ. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ನೆನಪಿನದು. ಜನರ ಬಾಯಲ್ಲಿ ಸಾಹೇಬರು ಕರಗಿ ಬಂಗಾರವಾದರು. ಇಂದು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ 'ಬಂಗಾರಪೇಟೆ ಪಾನಿಪೂರಿ' ಎಂಬ ಹಲಗೆ ಕಾಣುತ್ತದೆ. ಊರಿನ ಹೆಸರನ್ನು ಒಂದು ಕಾಲದಲ್ಲಿ ಗಣಿ ಹೊತ್ತು ತಿರುಗಿತು. ಈಗ ತಳ್ಳುಗಾಡಿ ಹೊತ್ತು ತಿರುಗುತ್ತಿದೆ.

ಈ ಪಾನಿಪೂರಿಯ ವಿಶೇಷವೇನೆಂದು ತಿಂದವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆ ಪಾನಿಯೆಂದರೆ ಹಸಿರು, ಇಲ್ಲವೆ ಹುಣಿಸೆಯ ಕಂದು. ಬಂಗಾರಪೇಟೆಯದು ಬಣ್ಣವೇ ಇಲ್ಲದ ತಿಳಿನೀರು. ಲೋಟದಲ್ಲಿ ಹಿಡಿದು ನೋಡಿದರೆ ಆಚೆಯ ಬೀದಿ ಕಾಣುತ್ತದೆ. ಕುಡಿದರೆ ಮಾತ್ರ ಕಿವಿ ಬಿಸಿಯಾಗುತ್ತದೆ, ಕಣ್ಣಿನಲ್ಲಿ ನೀರೂರುತ್ತದೆ. ಶಾಶ್ವತವಾಗಿ ಹರಿಯುವ ಒಂದು ನದಿಯೂ ಇಲ್ಲದ, ಕೆರೆಗಳನ್ನೂ ಮಳೆಯನ್ನೂ ನಂಬಿ ಬದುಕಿದ ಜಿಲ್ಲೆಯ ಊರೊಂದು ನೀರಿನಿಂದಲೇ ಪ್ರಖ್ಯಾತವಾಯಿತೆಂಬುದನ್ನು ನೆನೆದಾಗಲೆಲ್ಲ ನನಗೆ ನಗೆಯೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಈಗ ನನ್ನ ಸಾಹಸದ ಕಥೆಗೆ ಬರುತ್ತೇನೆ. ನಿವೃತ್ತಿಯಾದ ಹೊಸತು. ರಜೆಗೆ ಬಂದ ಮೊಮ್ಮಕ್ಕಳು ಪಾನಿಪೂರಿ ಬೇಕೆಂದರು. ಮಳೆ ಹಿಡಿದಿತ್ತು. "ಅದೇನು ಮಹಾ, ಮನೆಯಲ್ಲೇ ಮಾಡೋಣ" ಎಂದುಬಿಟ್ಟೆ. ನಲವತ್ತು ವರ್ಷ ತರಗತಿಯಲ್ಲಿ ಮಾತಾಡಿದವನಿಗೆ ಮಾತು ಸುಲಭ. ನನ್ನ ಹೆಂಡತಿ ಏನೂ ಹೇಳದೆ ಅಡುಗೆಮನೆಯ ಬಾಗಿಲು ಬಿಟ್ಟುಕೊಟ್ಟು, ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಳು. ರವೆ ಕಲಸಿದೆ, ಲಟ್ಟಿಸಿದೆ, ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸಿದೆ, ಎಣ್ಣೆಗೆ ಬಿಟ್ಟೆ. ನಲವತ್ತರಲ್ಲಿ ಉಬ್ಬಿದ್ದು ಹನ್ನೊಂದು. ಆ ಹನ್ನೊಂದೂ ತಟ್ಟೆಗೆ ಬಂದ ಸ್ವಲ್ಪ ಹೊತ್ತಿಗೆ ಹಳೆಯ ಚಪ್ಪಲಿಯಂತೆ ಮೆತ್ತಗಾದವು. ಕಿರಿಯ ಮೊಮ್ಮಗಳು ಒಂದನ್ನು ಎಳೆದು ನೋಡಿ, "ತಾತ, ಇದು ಒಡೆಯುವುದಿಲ್ಲ, ಹಿಗ್ಗುತ್ತದೆ" ಎಂದಳು. ವಿಮರ್ಶೆಯಲ್ಲಿ ಇಷ್ಟು ಖಚಿತವಾದ ವಾಕ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಮರುದಿನ ನನ್ನ ಹೆಂಡತಿಯೇ ದಾರಿ ತೋರಿಸಿದಳು. "ನಮ್ಮ ಸಾಲಿನ ಕೊನೆಯ ಮನೆಯಾಕೆ ದಿನಾ ಪೂರಿ ಮಾಡುತ್ತಾರಲ್ಲ, ಅವರನ್ನು ಹೋಗಿ ಕೇಳಿ" ಎಂದಳು. ನನಗೆ ಆಶ್ಚರ್ಯವಾಯಿತು. ಆ ಮನೆಯ ಮುಂದೆ ಎಷ್ಟು ವರ್ಷ ಓಡಾಡಿದ್ದೇನೆ! ಎಣ್ಣೆಯ ವಾಸನೆ ಬರುತ್ತಿತ್ತು, ಯಾವುದೋ ಹಬ್ಬವೆಂದುಕೊಂಡು ದಾಟಿದ್ದೆ. ದಿನಾ ಹಬ್ಬವಿರುವ ಮನೆ ಯಾವುದು ಎಂದು ಕೇಳಿಕೊಳ್ಳಲಿಲ್ಲ.

ಆಕೆಯ ಗಂಡ ಗಣಿಯಲ್ಲಿ ನೆಲದಡಿಯ ಕೆಲಸದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಅದು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ತರಿಸಿಕೊಂಡು, ಬೆಂಗಳೂರಿಗಿಂತ ಮೊದಲೇ ಬೆಳಗಿದ ಊರು ನಮ್ಮದು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಸೈರನ್ ನಿಂತುಹೋದ ಮೇಲೆ ಹೊತ್ತು ಎಷ್ಟಾಯಿತೆಂದೇ ಜನಕ್ಕೆ ತಿಳಿಯದಂತಾಯಿತು. ಗಂಡಸರು ಬೆಳಗಿನ ಕತ್ತಲಲ್ಲೇ ಬೆಂಗಳೂರಿನ ರೈಲು ಹತ್ತತೊಡಗಿದರು. ಆಕೆಯ ಗಂಡನೂ ಹತ್ತಿದರು. ಕಾವಲುಗಾರನ ಸಂಬಳ ಮಕ್ಕಳ ಓದಿಗೆ ಸಾಲಲಿಲ್ಲ. ಆಕೆ ಬಾಣಲೆ ಇಟ್ಟರು. ಪೂರಿ ಕರಿದು, ನೂರರ ಲೆಕ್ಕದಲ್ಲಿ ಡಬ್ಬಿಗೆ ತುಂಬಿ, ರೈಲಿನಲ್ಲಿ ಬಂಗಾರಪೇಟೆಗೆ ಒಯ್ದು ಗಾಡಿಯವರಿಗೆ ಕೊಟ್ಟು ಬರುವುದು. ಹೀಗೆ ಇಬ್ಬರು ಮಕ್ಕಳ ಶಾಲೆ ನಡೆಯಿತು.

ಹೋಗಿ ಕೇಳಿದಾಗ ಆಕೆ ನಕ್ಕರು. "ಏನು ಮೇಷ್ಟ್ರೇ, ಈ ವಯಸ್ಸಿನಲ್ಲಿ ಗಾಡಿ ಇಡುತ್ತೀರಾ?" ಎಂದರು. "ಇಲ್ಲ ಅಕ್ಕ, ಮೊಮ್ಮಗಳ ಮುಂದೆ ಮಾನ ಉಳಿಸಿಕೊಳ್ಳಬೇಕು" ಎಂದೆ. "ಹಾಗಾದರೆ ಕೈ ತೊಳೆದುಕೊಂಡು ಬನ್ನಿ" ಎಂದರು. ಅಳತೆ ಬರೆದುಕೊಳ್ಳಲು ಒಯ್ದಿದ್ದ ಕಾಗದ ಜೇಬಿನಲ್ಲೇ ಉಳಿಯಿತು.

ಆಕೆಯ ಕೈಯಲ್ಲಿದ್ದುದನ್ನು ನನ್ನ ಮಾತಿಗೆ ತಂದರೆ ಹೀಗಾಗುತ್ತದೆ. ಒಂದು ಬಟ್ಟಲು ಚಿರೋಟಿ ರವೆ, ಎರಡು ಚಮಚ ಮೈದಾ, ಚಿಟಿಕೆ ಉಪ್ಪು. ನೀರು ಬಟ್ಟಲಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದನ್ನೂ ಒಂದೇ ಸಲ ಸುರಿಯಬಾರದು. ಮೊದಲು ಕಲಸಿದಾಗ ಕಣಕ ಒರಟಾಗಿ, ಒಗ್ಗದೆ, ಬಿರುಕು ಬಿಟ್ಟುಕೊಂಡಿರುತ್ತದೆ. ನಾನು ಅವಸರಪಟ್ಟು ಇನ್ನಷ್ಟು ನೀರು ಹಾಕಿದ್ದೆ. ಆಕೆ ಹಾಕಲಿಲ್ಲ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರು. "ರವೆ ನೀರು ಕುಡಿಯಬೇಕಲ್ಲ ಮೇಷ್ಟ್ರೇ, ಅದಕ್ಕೂ ಹೊತ್ತು ಬೇಕು" ಎಂದರು. ಅರ್ಧ ಗಂಟೆಯ ಮೇಲೆ ಮುಟ್ಟಿದರೆ ಅದೇ ಕಣಕ ಬೇರೆಯದಾಗಿತ್ತು. ಆಮೇಲೆ ಹತ್ತು ನಿಮಿಷ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎಳೆದರೆ ಹರಿಯದೆ ಹಿಗ್ಗಬೇಕು. ಮೊಮ್ಮಗಳು ಪೂರಿಯಲ್ಲಿ ಕಂಡ ಆ ಹಿಗ್ಗುವ ಗುಣ ಇರಬೇಕಾದದ್ದು ಇಲ್ಲಿ, ಕಣಕದಲ್ಲಿ. ಕರಿದ ಮೇಲೆ ಅದು ಉಳಿಯಕೂಡದು.

ಲಟ್ಟಿಸುವಾಗ ಒಣ ಹಿಟ್ಟು ಉದುರಿಸಕೂಡದು. ಅದು ಎಣ್ಣೆಗೆ ಇಳಿದು ಸೀದು ಕಹಿಯಾಗುತ್ತದೆ. ಮಣೆಗೆ ಒಂದು ಹನಿ ಎಣ್ಣೆ ಸಾಕು. ಹಾಳೆ ಎಲ್ಲ ಕಡೆ ಒಂದೇ ತೆಳುವಾಗಿರಬೇಕು. ಒಂದೂವರೆ ಅಂಗುಲದ ಬಿಲ್ಲೆಗಳನ್ನು ಕತ್ತರಿಸಿ ಒದ್ದೆ ಬಟ್ಟೆಯಡಿ ಇಡಬೇಕು. ನನ್ನ ಪೂರಿಗಳು ಸೋತದ್ದು ಇಲ್ಲೇ. ನಾನು ಅವನ್ನು ಗಾಳಿಗೆ ಬಿಟ್ಟಿದ್ದೆ. ಮೇಲ್ಮೈ ಒಣಗಿ ಕಣ್ಣಿಗೆ ಕಾಣದ ಬಿರುಕು ಬಿಟ್ಟಿತ್ತು. ಬಿರುಕಿದ್ದರೆ ಆವಿ ನಿಲ್ಲದು, ಆವಿ ನಿಲ್ಲದಿದ್ದರೆ ಪೂರಿ ಉಬ್ಬದು.

ಈ ಉಬ್ಬುವಿಕೆಯ ಹಿಂದಿನ ವಿಜ್ಞಾನ ಸೊಗಸಾದದ್ದು. ಕಾದ ಎಣ್ಣೆಯ ಶಾಖ ಸುಮಾರು 180 ಡಿಗ್ರಿ. ನೀರು ಕುದಿಯಲು 100 ಸಾಕು. ಬಿಲ್ಲೆ ಎಣ್ಣೆಗೆ ಬಿದ್ದ ಕ್ಷಣದಲ್ಲೇ ಅದರ ಎರಡು ಮುಖಗಳೂ ಬಿಗಿದು ಚರ್ಮವಾಗುತ್ತವೆ. ನಡುವೆ ಸಿಕ್ಕಿಕೊಂಡ ತೇವ ಆವಿಯಾಗುತ್ತದೆ. ನೀರು ಆವಿಯಾದಾಗ ಮೊದಲಿನದಕ್ಕಿಂತ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡ ಎರಡು ಚರ್ಮಗಳನ್ನೂ ದೂರ ತಳ್ಳುತ್ತದೆ. ನಾದಿ ಪಳಗಿಸಿದ ಗೋಧಿಯ ಅಂಟು ಹರಿಯದೆ ಹಿಗ್ಗಿ ಅದನ್ನು ತಡೆದುಕೊಳ್ಳುತ್ತದೆ. ಜಾಲರಿ ಸೌಟಿನಿಂದ ಮೆಲ್ಲಗೆ ಅದುಮಿದರೆ ಮೇಲಿನ ಮುಖವೂ ಎಣ್ಣೆಯಲ್ಲಿ ಮುಳುಗಿ, ಶಾಖ ಎರಡೂ ಕಡೆಯಿಂದ ತಗಲುತ್ತದೆ. ನೀರಿನ ಕೆಲವು ಹನಿಗಳು ಮನಸ್ಸು ಮಾಡಿದರೆ ಚಪ್ಪಟೆ ಹಿಟ್ಟು ಗೋಳವಾಗುತ್ತದೆ.

ಆದರೆ ಉಬ್ಬಿದರೆ ಮುಗಿಯಿತೆಂದುಕೊಂಡದ್ದು ನನ್ನ ಎರಡನೆಯ ತಪ್ಪು. "ಉಬ್ಬಿಸುವುದು ಉರಿಯ ಕೆಲಸ, ಗರಿಗರಿ ಮಾಡುವುದು ತಾಳ್ಮೆಯ ಕೆಲಸ" ಎಂದರು ಆಕೆ. ಉಬ್ಬಿದೊಡನೆ ಉರಿಯನ್ನು ತಗ್ಗಿಸಿ, ಆಚೀಚೆ ಮಗುಚುತ್ತ, ಗುಳ್ಳೆ ಏಳುವುದು ನಿಲ್ಲುವ ತನಕ ಕಾಯಬೇಕು. ಗುಳ್ಳೆಯೆಂದರೆ ಇನ್ನೂ ತೇವವಿದೆಯೆಂದು ಅರ್ಥ. ಪೂರಿಯನ್ನು ಎತ್ತಿ ನಿಲ್ಲಿಸಿದ ನೀರನ್ನೇ ಈಗ ಪೂರಿಯಿಂದ ಹೊರಗೆ ಕಳುಹಿಸಬೇಕು. ತೇವ ಹೋದಷ್ಟೂ ಹಿಟ್ಟಿನ ಪಿಷ್ಟ ಗಾಜಿನಂತೆ ಬಿಗಿದು, ಬಾಗುವ ಗುಣ ಬಿಟ್ಟು ಒಡೆಯುವ ಗುಣ ಪಡೆಯುತ್ತದೆ. ಸ್ವಲ್ಪ ತೇವ ಮರಳಿ ಸೇರಿತೋ, ಮತ್ತೆ ತೊಗಲು. ಗರಿಗರಿ ಎಂಬ ನಮ್ಮ ಮಾತು ಕೇಳಿದಾಗ ನನಗೆ ಒಣಗಿದ ತೆಂಗಿನ ಗರಿ ಕಾಲಡಿ ಮುರಿಯುವ ಸದ್ದು ನೆನಪಾಗುತ್ತದೆ. ಹಸಿ ಗರಿ ಬಾಗುತ್ತದೆ. ಒಣಗರಿ ಮಾತ್ರ ಸದ್ದು ಮಾಡುತ್ತದೆ.

ಕರಿದ ಪೂರಿಗಳನ್ನು ಆಕೆ ಒಂದರ ಮೇಲೊಂದು ಪೇರಿಸಲಿಲ್ಲ. ಅಗಲವಾದ ಬಿದಿರಿನ ತಟ್ಟೆಯಲ್ಲಿ ಹರಡಿ ಆರಿಸಿದರು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ತಮ್ಮ ಆವಿಗೆ ತಾವೇ ಮೆತ್ತಗಾಗುತ್ತವೆ. ಉಬ್ಬದವುಗಳನ್ನು ಬೇರೆ ಎತ್ತಿಟ್ಟರು. "ಇವು ಮಸಾಲೆಪೂರಿಗೆ ಪುಡಿಮಾಡಲು ಆಗುತ್ತವೆ. ಉಬ್ಬಲಿಲ್ಲ ಎಂದು ಬಿಸಾಡಲಾಗುತ್ತದೆಯೇ?" ಎಂದರು. ಮೇಷ್ಟರಾಗಿದ್ದವನಿಗೆ ಆ ಮಾತು ಬೇರೆ ಎಲ್ಲಿಯೋ ತಗಲಿತು.

ಅಂದು ಆಕೆ ಮಾತಿನ ನಡುವೆ ಒಂದು ಪ್ರಸಂಗ ಹೇಳಿದರು. "ಮಳೆಗಾಲ ಬಂದರೆ ಹೆದರಿಕೆ ಮೇಷ್ಟ್ರೇ. ಒಂದು ವರ್ಷ ಮೂರು ಡಬ್ಬಿ ಹಾಗೇ ವಾಪಸು ಬಂತು. ಯಾರೋ ಗಿರಾಕಿ ಪೂರಿ ಮೆತ್ತಗಿದೆ ಎಂದು ಜನರ ಎದುರಿಗೆ ಗಾಡಿಯವನನ್ನು ಬೈದರಂತೆ. ಅವನು ಸಿಟ್ಟಿಗೆ ಎಲ್ಲವನ್ನೂ ತಿರುಗಿಸಿ ಕೊಟ್ಟ. ಎಣ್ಣೆ, ರವೆ, ಎರಡು ದಿನದ ಕೆಲಸ ಎಲ್ಲ ಹೋಯಿತು. ಆ ತಿಂಗಳು ಮಗನ ಫೀಸಿಗೆ ಕಿವಿಯದು ಬಿಚ್ಚಿಟ್ಟೆ."

ನಾನು ಲಟ್ಟಣಿಗೆ ಹಿಡಿದವನು ಹಾಗೇ ನಿಂತೆ. ಯಾವ ಗಾಡಿ ಎಂದು ಕೇಳಿದೆ. ರೈಲು ಇಳಿದು ಹೊರಗೆ ಬಂದರೆ ಸಿಗುವ ಗಾಡಿ. ಯಾವ ವರ್ಷ ಎಂದು ಕೇಳಿದೆ. ಕೇಳಬೇಕಾಗಿರಲಿಲ್ಲ. ಅದು ನಾನು. ಗೆಳೆಯರ ಜೊತೆ ಸಾಹಿತ್ಯ ಸಭೆಯೊಂದನ್ನು ಮುಗಿಸಿಕೊಂಡು ಬರುತ್ತಿದ್ದೆ. ತಟ್ಟೆ ಹಿಡಿದು, ನಾಲ್ಕು ಜನ ಕೇಳಲೆಂದೇ ಗಟ್ಟಿಯಾಗಿ, "ಇದೇನಯ್ಯ ಪೂರಿಯೋ ಚಪಾತಿಯೋ, ಬಂಗಾರಪೇಟೆಯ ಹೆಸರು ಕೆಡಿಸುತ್ತಿದ್ದೀಯೆ" ಎಂದಿದ್ದೆ. ಗೆಳೆಯರು ನಕ್ಕಿದ್ದರು. ನನ್ನ ರಸಿಕತೆಗೆ ನಾನೇ ಮೆಚ್ಚಿಕೊಂಡಿದ್ದೆ. ಆ ನಗುವಿನ ಬೆಲೆಯನ್ನು ನನ್ನದೇ ಸಾಲಿನ ಕೊನೆಯ ಮನೆಯವರು ತೆತ್ತದ್ದು ನನಗೆ ತಿಳಿದದ್ದು ಅಷ್ಟು ವರ್ಷಗಳ ಮೇಲೆ. ಆ ಹೊತ್ತು ಬಾಯಿ ಬಿಡಲು ಧೈರ್ಯ ಬರಲಿಲ್ಲ. ಪೂರಿಗಳನ್ನು ಹಿಡಿದುಕೊಂಡು ಮನೆಗೆ ಬಂದೆ.

ಇನ್ನು ಪಾನಿ. ಇದನ್ನು ಆಕೆ ಕಲಿಸಲಿಲ್ಲ. "ಅದು ಗಾಡಿಯವರದು, ನನಗೆ ಗೊತ್ತಿದ್ದರೂ ಹೇಳುವುದಿಲ್ಲ" ಎಂದರು. ಒಬ್ಬರ ಕಸುಬಿನ ಗುಟ್ಟನ್ನು ಇನ್ನೊಬ್ಬರು ಕಾಯುವ ಈ ಮರ್ಯಾದೆಗೆ ತಲೆಬಾಗಿ ನಾನೇ ಪ್ರಯೋಗಕ್ಕಿಳಿದೆ. ರುಬ್ಬಿದರೆ ಹಸಿರು ಬಂದೇ ಬರುತ್ತದೆ, ಆದ್ದರಿಂದ ರುಬ್ಬಲಿಲ್ಲ. ಸೀಳಿದ ಹಸಿಮೆಣಸಿನಕಾಯಿ, ಜಜ್ಜಿದ ಶುಂಠಿ, ಸ್ವಲ್ಪ ಜೀರಿಗೆ, ಇವನ್ನು ಕುದಿಯುವ ನೀರಿಗೆ ಹಾಕಿ ಮುಚ್ಚಿಟ್ಟು, ಆರಿದ ಮೇಲೆ ಮಡಿಸಿದ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಮೆಣಸಿನಕಾಯಿಯ ಖಾರ ತಣ್ಣೀರಿನಲ್ಲಿ ಸುಲಭವಾಗಿ ಬಿಡದು; ಬಿಸಿಯೇ ಬೇಕು. ಹುಳಿಗೆ ಹುಣಿಸೆಯ ಬದಲು ನಿಂಬೆ ಉಪ್ಪು, ಜೊತೆಗೆ ಉಪ್ಪು, ಚಿಟಿಕೆ ಸಕ್ಕರೆ. ರುಚಿ ಹತ್ತಿರ ಬಂತು. ಆದರೆ ಜೀರಿಗೆಯಿಂದಾಗಿ ಎಳೆಬಿಸಿಲಿನಂಥ ಒಂದು ಹಳದಿ ನೆರಳು ಉಳಿದುಬಿಟ್ಟಿತು. ಬಂಗಾರಪೇಟೆಯ ಗಾಡಿಯವರ ಮುಂದೆ ನಾನು ಇನ್ನೂ ವಿದ್ಯಾರ್ಥಿ. ಒಂದು ಮಾತು ನೆನಪಿಡೋಣ: ಸೋಮೇಶ್ವರನ ಅಡುಗೆಮನೆಗಾಗಲಿ ಮಂಗರಸನ ಅಡುಗೆಮನೆಗಾಗಲಿ ಈ ಮೆಣಸಿನಕಾಯಿ ಬಂದಿರಲಿಲ್ಲ. ಅದು ಅಮೆರಿಕಾ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಅತಿಥಿ. ಅವರ ಖಾರ ಹೆಚ್ಚಾಗಿ ಕರಿಮೆಣಸಿನದು. ನಮ್ಮದೆಂದು ನಾವು ಎದೆ ತಟ್ಟಿಕೊಳ್ಳುವ ರುಚಿಯಲ್ಲಿ ಎಷ್ಟು ಸಮುದ್ರಗಳ ನೀರಿದೆ!

ಬಣ್ಣದ ವಿಷಯಕ್ಕೆ ಬಂದರೆ, 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ರಾಜ್ಯದ ಹಲವೆಡೆ ಸುಮಾರು 260 ಪಾನಿಪೂರಿ ಮಾದರಿಗಳನ್ನು ಪರೀಕ್ಷಿಸಿದಾಗ, ಕೃತಕ ಬಣ್ಣಗಳಿಂದಾಗಿ 41 ಮಾದರಿಗಳು ತಿನ್ನಲು ಅಸುರಕ್ಷಿತವೆಂದು ಕಂಡುಬಂದವು. ಹಸಿರು ಕಂಡರೆ ಪುದೀನವೆಂದು ನಂಬುವ ನಮ್ಮ ಕಣ್ಣಿನ ಮೇಲೆಯೇ ಆ ವ್ಯಾಪಾರ ನಿಂತಿದೆ. ಬಂಗಾರಪೇಟೆಯ ತಿಳಿನೀರು ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ. ಎಲ್ಲವನ್ನೂ ನಾಲಗೆಗೇ ಬಿಟ್ಟುಕೊಡುತ್ತದೆ. ಹಾಗೆಂದು ಬಣ್ಣವಿಲ್ಲದ್ದೆಲ್ಲ ಶುದ್ಧವೆಂದು ತಿಳಿಯಬಾರದು. ರೋಗದ ಕ್ರಿಮಿಗೆ ಬಣ್ಣವಿಲ್ಲ. ಮನೆಯಲ್ಲಾಗಲಿ ಗಾಡಿಯಲ್ಲಾಗಲಿ ಕುದಿಸಿ ಆರಿಸಿದ ನೀರು, ತೊಳೆದ ಕೈ ಇವೆರಡಕ್ಕೂ ಬದಲಿ ಇಲ್ಲ.

ಪೂರಿ, ಪಾನಿ, ಬೇಯಿಸಿದ ಬಟಾಣಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಎಲ್ಲ ಸಿದ್ಧವಾಗಿ ಮೊಮ್ಮಗಳ ಮುಂದೆ ತಟ್ಟೆ ಇಟ್ಟೆ. ಈ ಸಲ ಸದ್ದು ಬಂತು. ಆಕೆ ಕಣ್ಣರಳಿಸಿ ಇನ್ನೊಂದಕ್ಕೆ ಕೈ ಚಾಚಿದಳು. ನನಗೆ ಮಾತ್ರ ಒಂದೂ ಗಂಟಲಿಗೆ ಇಳಿಯಲಿಲ್ಲ. ಸಂಜೆ ಮತ್ತೆ ಆ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅಕ್ಕ, ಆ ಗಿರಾಕಿ ನಾನೇ."

ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಹೇಳಿದರು: "ನೀವು ಸುಳ್ಳು ಹೇಳಲಿಲ್ಲವಲ್ಲ ಮೇಷ್ಟ್ರೇ. ಅವತ್ತು ಪೂರಿ ಮೆತ್ತಗೇ ಇತ್ತು. ಡಬ್ಬಿಯ ಮುಚ್ಚಳ ಸಡಿಲವಾಗಿತ್ತು, ಆಮೇಲೆ ನೋಡಿಕೊಂಡೆ. ಆದರೆ ಅದನ್ನು ಮಾಡಿದವರಿಗೆ ಹೇಳಿದ್ದರೆ ಇನ್ನೊಂದು ಸಲ ಒಲೆಯ ಹತ್ತಿರ ಇಟ್ಟು ಸರಿಮಾಡಿ ಕೊಡುತ್ತಿದ್ದೆ. ಮಾಡಿದವರು ಒಬ್ಬರು ಇರುತ್ತಾರೆ ಎಂದು ನಿಮಗೆ ನೆನಪಾಗಲಿಲ್ಲ, ಅಷ್ಟೇ." ಹೀಗೆಂದು ಒಳಗೆ ಹೋಗಿ ಕಾಫಿ ತಂದರು.

ಆಕೆಯ ಮಗ ಈಗ ಕೆಲಸದಲ್ಲಿದ್ದಾನೆ. ಬಿಚ್ಚಿಟ್ಟ ಓಲೆ ಮರಳಿ ಕಿವಿಗೆ ಬಂದಿದೆ. ಅದರಲ್ಲಿ ನನ್ನ ಪಾಲೇನೂ ಇಲ್ಲ, ಆಕೆಯೇ ಬಿಡಿಸಿಕೊಂಡದ್ದು. ಕೋಲಾರದ ನೆಲದಿಂದ ತೆಗೆದ ಚಿನ್ನ ಎಲ್ಲೆಲ್ಲಿಗೆ ಹೋಯಿತೋ, ಯಾರ ಯಾರ ಕೊರಳಲ್ಲಿದೆಯೋ. ಗಣಿಯ ಮೇಲೆ ಬಾಳಿದ ಆ ಹೆಣ್ಣುಮಗಳ ಪಾಲಿಗೆ ಉಳಿದ ಚಿನ್ನ ಆ ಎರಡು ಓಲೆಗಳಷ್ಟು. ಅದನ್ನು ಉಳಿಸಿಕೊಟ್ಟದ್ದು ಹತ್ತು ಗ್ರಾಮು ತೂಗದ ಪೂರಿ.

ಶ್ರೋತೃಗಳೇ, ಒಂದು ಭಾನುವಾರ ತಾವೂ ಮನೆಯಲ್ಲಿ ಪೂರಿ ಮಾಡಿ ನೋಡಿ. ಕಣಕಕ್ಕೆ ಅರ್ಧ ಗಂಟೆ ಬಿಡುವು ಕೊಡಿ, ಬಿಲ್ಲೆಗಳನ್ನು ಒದ್ದೆ ಬಟ್ಟೆಯಡಿ ಇಡಿ, ಗುಳ್ಳೆ ನಿಲ್ಲುವ ತನಕ ಕಾಯಿರಿ. ಕೆಲವು ಉಬ್ಬದೆ ಹೋದಾವು, ಇರಲಿ. ಮುಂದೆ ಎಂದಾದರೂ ಗಾಡಿಯ ಮುಂದೆ ನಿಂತಾಗ, ಪೂರಿ ತುಸು ಮೆತ್ತಗಿದ್ದರೆ, ಗಟ್ಟಿಯಾಗಿ ಹೇಳುವ ಮುನ್ನ ನಿಮ್ಮ ನಾಲಗೆ ಒಂದು ಕ್ಷಣ ತಡೆದೀತು. ನನ್ನ ನಾಲಗೆಗೆ ಆ ಪಾಠ ತಡವಾಗಿ ಬಂತು.